ಬಾಗಿಲ ಬಲಗಡೆಯ ಮೆಜೂಜಾ
(ವಿಲೆ ಪಾರ್ಲೆಯ ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಮುಂಬಯಿಯಲ್ಲಿ ಬಾಡಿಗೆಯ ಖೋಲಿ ಹಿಡಿದು ಬಾಳುವ ನಮಗೆ, ಹಿಂದಿನವರು ಬಿಟ್ಟುಹೋದ ಮೊಳೆ, ಗೂಟ, ಪಟಗಳು ಹೊಸತಲ್ಲ. ಆದರೆ ಬಾಗಿಲ ಚೌಕಟ್ಟಿನ ಬಲಗಡೆ, ಹೆಗಲೆತ್ತರದಲ್ಲಿ, ಬೆರಳುದ್ದದ ಕೊಳವೆಯೊಂದು ಕಂಡರೆ ಅದನ್ನು ಕಿತ್ತೆಸೆದು ಸುಣ್ಣ ಬಳಿಸುವ ಮುನ್ನ ತುಸು ತಡೆಯಬೇಕು. ಅದು ಯೆಹೂದ್ಯರ ಮೆಜೂಜಾ ಆಗಿರಬಹುದು.

ಈ ನಗರದ ಯೆಹೂದ್ಯರಲ್ಲಿ ಬಹುಮಂದಿ ಬೆನೆ ಇಸ್ರಾಯೇಲರು. ಕೊಂಕಣದ ಹಳ್ಳಿಗಳಿಂದ ಬಂದವರು, ಮನೆಮಾತು ಮರಾಠಿ. ಅಲ್ಲಿ ಗಾಣದ ಕಸುಬು ಮಾಡುತ್ತ, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದುದರಿಂದ ‘ಶನಿವಾರ ತೇಲಿ’ ಎಂದು ಹೆಸರಾಗಿದ್ದರು. ಊರ ಹೆಸರಿಗೆ ‘ಕರ’ ಸೇರಿಸಿದ ಅವರ ಅಡ್ಡಹೆಸರು ಕೇಳಿದರೆ ಮರಾಠರೆಂದೇ ನಾವು ತಿಳಿಯುತ್ತೇವೆ. ಪಾರ್ಲೆಯಿಂದ ರೈಲಿನಲ್ಲಿ ಹೋಗಿ ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿದರೆ ಅವರ ಹಳೆಯ ಪ್ರಾರ್ಥನಾ ಮಂದಿರ ಶಾರ್ ಹರಹಮೀಮ್ ಹತ್ತಿರವೇ ಇದೆ. 1796ರಲ್ಲಿ ಅದನ್ನು ಕಟ್ಟಿಸಿದ ಸಾಮಾಜಿ ಹಸಾಜಿ ದಿವೇಕರರು ಕಂಪೆನಿಯ ಸೈನ್ಯದಲ್ಲಿದ್ದವರು. ನಮ್ಮ ಮೈಸೂರಿನ ಟಿಪ್ಪು ಸುಲ್ತಾನನ ಸೆರೆಯಿಂದ ಪಾರಾಗಿ ಬಂದ ಹರಕೆಗೆ ಕಟ್ಟಿಸಿದರೆಂದು ಆ ಸಮಾಜದವರು ಹೇಳುತ್ತಾರೆ.

ಕೊಳವೆ ಮರದ್ದಿರಲಿ, ಬೆಳ್ಳಿಯದಿರಲಿ, ಬೆಲೆ ಅದಕ್ಕಲ್ಲ. ಒಳಗಿನ ಚರ್ಮದ ಸುರುಳಿಯೇ ಮೆಜೂಜಾ. ಮೋಶೆಯ ಐದನೆಯ ಗ್ರಂಥದ ಎರಡು ಭಾಗಗಳನ್ನು, 22 ಸಾಲುಗಳಲ್ಲಿ, 713 ಅಕ್ಷರಗಳಲ್ಲಿ, ನುರಿತ ಬರಹಗಾರ ಕೈಯಿಂದಲೇ ಬರೆದಿರಬೇಕು. ಒಂದಕ್ಷರ ಅಳಿದರೂ ಅದು ಸಲ್ಲದು. ಅಚ್ಚಿನ ಕಾಗದ ತುಂಬಿದ ಚೆಂದದ ಕೊಳವೆಗಳೂ ಮಾರಾಟಕ್ಕುಂಟು. ಅವು ಬರಿಯ ಅಲಂಕಾರ. ಶಾಯಿ ಬಿರಿಯುವುದರಿಂದ ಏಳು ವರ್ಷಕ್ಕೆ ಎರಡು ಸಲ ತೆಗೆದು ನೋಡಿಸಬೇಕೆಂದು ನಿಯಮ. ಮುಂಬಯಿಯ ಮಳೆಗಾಲದ ತೇವ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಚ್ಚಬೇಕಾದ ಜಾಗ ಒಳಹೋಗುವವರ ಬಲಗಡೆ. ಚೌಕಟ್ಟಿನ ಎತ್ತರವನ್ನು ಮೂರು ಪಾಲು ಮಾಡಿದರೆ ಮೇಲಿನ ಪಾಲಿನ ತಳದಲ್ಲಿ, ಹೊರ ಅಂಚಿಗೆ ಸಮೀಪವಾಗಿ. ಒಂದೇ ಮೊಳೆಗೆ ತೂಗಬಿಡಬಾರದು. ಮೇಲೂ ಕೆಳಗೂ ಭದ್ರವಾಗಿರಬೇಕು. ಹಚ್ಚುವ ಮೊದಲು ದೇವರ ಸ್ತುತಿ ಹೇಳುತ್ತಾರೆ. ಬಚ್ಚಲಿಗೂ ಪಾಯಖಾನೆಗೂ ಇದಿಲ್ಲ. ಫ್ರಾನ್ಸಿನ ರಾಶಿ ಎಂಬ ಪಂಡಿತರು ನೆಟ್ಟಗೆ ನಿಲ್ಲಿಸಬೇಕೆಂದರು. ಅವರ ಮಗಳ ಮಗ ರಬ್ಬೇನು ತಾಮ್ ಅಡ್ಡ ಮಲಗಿಸಬೇಕೆಂದರು. ಯುರೋಪಿನವರು ಇಬ್ಬರಿಗೂ ನೋವಾಗದಂತೆ ಓರೆಯಾಗಿ ಹಚ್ಚತೊಡಗಿದರು! ನೆಟ್ಟಗೆ ಹಚ್ಚುವವರೂ ಇದ್ದಾರೆ, ಎರಡೂ ಸಲ್ಲುತ್ತವೆ.

ನಮಗೆ ಹಿಡಿಸಿದ್ದು ಬಾಡಿಗೆಯ ನಿಯಮ. ಇಸ್ರೇಲಿನ ಹೊರಗೆ ಬಾಡಿಗೆಮನೆ ಹಿಡಿದವನಿಗೆ ಮೂವತ್ತು ದಿನ ವಿನಾಯಿತಿ. ಆಮೇಲೆ ಆ ಖೋಲಿ ಅವನ ಮನೆಯೇ, ಮಾಲಿಕ ಯಾರೇ ಇರಲಿ. ಊರಿನ ಮನೆಯೊಂದೇ ಮನೆ, ಇದು ಬರಿಯ ಬಿಡಾರ ಎಂದುಕೊಂಡು ಇಪ್ಪತ್ತು ವರ್ಷ ಕಳೆಯುವ ನಮ್ಮವರಿಗೆ ಈ ಲೆಕ್ಕ ವಿಚಿತ್ರವಾಗಿ ತೋರೀತು.

ಬಿಡುವಾಗ, ಮುಂದೆ ಬರುವವರು ಯೆಹೂದ್ಯರಾದರೆ ಮೆಜೂಜಾ ಅಲ್ಲೇ ಬಿಡಬೇಕು; ಬೇರೆಯವರಾದರೆ, ಅವಮಾನವಾಗದಂತೆ ತೆಗೆದೊಯ್ಯಬೇಕು. ಆದರೆ 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ ಎಷ್ಟೋ ಸಂಸಾರಗಳು ಹೊರಟುಹೋದವು. ದೇಶದಲ್ಲಿ ಈಗ ಉಳಿದವರು ಕೆಲವೇ ಸಾವಿರ. ಹೊರಡುವ ಗಡಿಬಿಡಿಯಲ್ಲಿ ಒಂದೊಂದು ಮರೆತು ಉಳಿಯದೆ ಇರುವುದೇ? ಅಂಥದು ಸಿಕ್ಕಿದರೆ ಕೊಳವೆ ಬಿಚ್ಚದೆ, ಶುಭ್ರವಾದ ಬಟ್ಟೆಯಲ್ಲಿ ಸುತ್ತಿ, ಅವರ ಮಂದಿರಕ್ಕೆ ಒಪ್ಪಿಸಿ ಬನ್ನಿ. ಅಕ್ಷರ ಸರಿಯಿದ್ದರೆ ಅದು ಇನ್ನೊಂದು ಬಾಗಿಲಿಗೆ ಸೇರುತ್ತದೆ. ಕೆಟ್ಟಿದ್ದರೆ ಕಸಕ್ಕೆ ಹಾಕುವುದಿಲ್ಲ, ಮಣ್ಣಿನಲ್ಲಿ ಹೂಳುತ್ತಾರೆ.