ಹಿತ್ತಲ ಓಣಿ, ಮುಂದಿನ ರಸ್ತೆ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ರಸ್ತೆ ಸುರಕ್ಷತೆ ಅಂದ ಕೂಡಲೆ ನಿಮ್ಮಲ್ಲಿ ಕೆಲವರಿಗೆ ನಗು ಬರುತ್ತೆ, ಅದು ನಮಗೆ ಗೊತ್ತು. ವರ್ಷಕ್ಕೊಂದು ಸಲ ಕಾಲೇಜಿಗೆ ಪೊಲೀಸಿನವರು ಬರ್ತಾರೆ, ಹೆಲ್ಮೆಟ್ ಹಾಕ್ಕೊಳ್ಳಿ ಅಂತಾರೆ, ಬ್ಯಾನರ್ ಹಿಡಿದು ಫೋಟೋ ತೆಗೀತಾರೆ, ಮುಗೀತು. ಹೆಲ್ಮೆಟ್ ಬೇಡ ಅಂತ ನಾವು ಹೇಳ್ತಿಲ್ಲ. ಹಾಕ್ಕೊಳ್ಳಿ. ಆದರೆ ಗಾಡಿಯೇ ಇಲ್ಲದವನಿಗೆ ಆ ಭಾಷಣದಲ್ಲಿ ಏನಿದೆ? 2022ರಲ್ಲಿ ಈ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಅಂತ ಕೇಂದ್ರ ಸರ್ಕಾರವೇ ಲೆಕ್ಕ ಕೊಟ್ಟಿದೆ. ಅವರಲ್ಲಿ 32 ಸಾವಿರಕ್ಕೂ ಹೆಚ್ಚು ಜನ ಕಾಲ್ನಡಿಗೆಯವರು. ಮನೆಗೆಲಸಕ್ಕೆ ಹೋಗೋ ಹೆಂಗಸು, ಗಾರೆ ಕೆಲಸದವನು, ಬಸ್ ಸ್ಟಾಪಿಗೆ ಓಡೋ ಹಾಸ್ಟೆಲ್ ಹುಡುಗ, ನಸುಕಿನಲ್ಲಿ ಪೊರಕೆ ಹಿಡಿದು ರಸ್ತೆ ಅಂಚಿನಲ್ಲಿ ಬಾಗಿರೋ ಪೌರಕಾರ್ಮಿಕಳು. ನಡೆಯೋರು ಅಂದರೆ ಇವರೇ.

ಬಾಬಾಸಾಹೇಬರಿಗೂ ರಸ್ತೆ ಅಪಘಾತ ಆಗಿತ್ತು ಅನ್ನೋದು ನಿಮಗೆ ಗೊತ್ತಿರಬೇಕು. 1929ರಲ್ಲಿ ಅವರು ಚಾಳೀಸ್‌ಗಾಂವ್ ಸ್ಟೇಷನ್ನಿನಲ್ಲಿ ಇಳಿದಾಗ ಟಾಂಗಾದವರು ಯಾರೂ ಅಸ್ಪೃಶ್ಯನನ್ನು ಕೂರಿಸಿಕೊಂಡು ಓಡಿಸಲು ಒಪ್ಪಲಿಲ್ಲ. ಟಾಂಗಾ ಬಾಡಿಗೆಗೆ ಕೊಡ್ತೀವಿ, ಓಡಿಸೋದು ನಾವಲ್ಲ ಅಂದರು. ಓಡಿಸಿ ಅಭ್ಯಾಸವಿಲ್ಲದ ಕೇರಿಯವನೊಬ್ಬ ಲಗಾಮು ಹಿಡಿದ. ಸೇತುವೆಯ ಕಲ್ಲುಗಳ ಸಂದಿಗೆ ಚಕ್ರ ಸಿಕ್ಕಿಕೊಂಡು ಬಾಬಾಸಾಹೇಬರು ಕಲ್ಲುಹಾಸಿನ ಮೇಲೆ ಬಿದ್ದರು, ಕಾಲು ಮುರಿಯಿತು. ಕುದುರೆ, ಗಾಡಿ ಹೊಳೆಗೆ ಬಿತ್ತು. ಪೊಲೀಸ್ ದಾಖಲೆಯಲ್ಲಾದರೆ ಇದಕ್ಕೆ ಕಾರಣ 'ಚಾಲಕನ ಅಜಾಗರೂಕತೆ' ಅಂತ ಬರೀತಾರೆ. ನಿಜವಾದ ಕಾರಣ ಏನು ಅಂತ ನಿಮಗೆ ಬಿಡಿಸಿ ಹೇಳಬೇಕೆ?

ಅಲ್ಲಿ ಟಾಂಗಾ ಕೊಟ್ಟು ಚಾಲಕನನ್ನು ಕೊಡಲಿಲ್ಲ. ನಮ್ಮ ಬೆಂಗಳೂರಿನಲ್ಲಿ ರಸ್ತೆಯನ್ನೇ ಎರಡು ಮಾಡಿದರು. 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರ ಹುಟ್ಟಿದವು. ಚಾಮರಾಜಪೇಟೆ ಅದಕ್ಕೂ ಮುಂಚಿನದು. ಗಾಳಿ ಬೆಳಕು ಬರಬೇಕು, ಊರು ಚೊಕ್ಕಟವಾಗಿರಬೇಕು ಅಂತ ಅಗಲವಾದ ರಸ್ತೆಗಳನ್ನು ಹಾಕಿದರು. ಮಲ್ಲೇಶ್ವರದಲ್ಲಿ ಮನೆಯ ಬೆನ್ನಿಗೆ ಇನ್ನೊಂದು ಸಣ್ಣ ಓಣಿ ಬಿಟ್ಟರು. ಅದೇ ಕನ್ಸರ್ವೆನ್ಸಿ ಓಣಿ. ಮುಂದಿನ ರಸ್ತೆಯಲ್ಲಿ ಜಟಕಾ ಬರೋದು, ಹಿಂದಿನ ಓಣಿಯಲ್ಲಿ ಮಲ ಹೊರುವ ನಮ್ಮ ಜನ ಬರೋರು. ಹಿತ್ತಲ ಕಿಂಡಿಯಿಂದ ಬಾಚಿ ಹೊತ್ತುಕೊಂಡು ಹೋಗಬೇಕು, ಮುಂಬಾಗಿಲಿನವರ ಕಣ್ಣಿಗೆ ಬೀಳಕೂಡದು. 1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಬರಬರುತ್ತಾ ಆ ಓಣಿಗಳು ಕಸದ ತೊಟ್ಟಿಗಳಾದವು.

ಈಗಿನ ವಿಷಯಕ್ಕೆ ಬರೋಣ. 2021ರ ಸುಮಾರಿಗೆ ಮಲ್ಲೇಶ್ವರದ ನಿವಾಸಿಗಳು 'ಮಲ್ಲೇಶ್ವರಂ ಹೋಗೋಣ' ಅಂತ ಒಂದು ಕೆಲಸ ಶುರು ಮಾಡಿದರು. ಸೆನ್ಸಿಂಗ್ ಲೋಕಲ್ ಅನ್ನೋ ಸಂಸ್ಥೆ, ಗೀಚುಗಳು ಅನ್ನೋ ಕಲಾವಿದರ ಗುಂಪು ಕೈ ಜೋಡಿಸಿದವು, ನಗರ ಭೂಸಾರಿಗೆ ನಿರ್ದೇಶನಾಲಯ ನೆರವು ಕೊಟ್ಟಿತು. ಕನ್ಸರ್ವೆನ್ಸಿ ಓಣಿಗಳ ಕಸ ತೆಗೆಸಿ, ಗೋಡೆಗೆ ಚಿತ್ರ ಬರೆದು, ನಡೆಯೋ ದಾರಿ ಮಾಡಲು ಹೊರಟರು. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆಗಳಲ್ಲಿ ಗಾಡಿಗಳ ಮಧ್ಯೆ ಜೀವ ಕೈಯಲ್ಲಿ ಹಿಡಿದು ನಡೆದವರಿಗೆ ಇದರ ಬೆಲೆ ಗೊತ್ತು. ಒಳ್ಳೆ ಕೆಲಸ. ಮೇಲ್ಜಾತಿಯವರ ಬಡಾವಣೆಯ ಕೆಲಸ ಅಂತ ಮೂಗು ಮುರಿಯೋದು ಬೇಡ. ಊರಿನ ಜನ ತಾವೇ ನಿಂತು ಮಾಡಿದರೆ ಆಗುತ್ತೆ ಅನ್ನೋದಕ್ಕೆ ಅದು ಸಾಕ್ಷಿ.

ಆದರೆ ಆ ಚಿತ್ರಗಳನ್ನು ನೋಡ್ತಾ ನಡೆಯೋರಲ್ಲಿ ಎಷ್ಟು ಜನಕ್ಕೆ ಅದು ಯಾರು ನಡೆದ ದಾರಿ ಅಂತ ಗೊತ್ತು? ಇನ್ನೊಂದು ಕೇಳಬೇಕು. ದಾರಿಯನ್ನು ಚೊಕ್ಕಟ ಮಾಡುವಾಗ ಅಲ್ಲಿ ಬುಟ್ಟಿ ಇಟ್ಟುಕೊಂಡವಳನ್ನು ಎಬ್ಬಿಸಿ, ನಿಂತ ಕಾರನ್ನು ಬಿಟ್ಟರೆ ಅದು ಯಾರ ಸುರಕ್ಷತೆ? ಗಾಂಧಿ ಬಜಾರಿನಲ್ಲಿ ಫುಟ್‌ಪಾತ್ ಅಗಲ ಮಾಡೋ ಕೆಲಸ ನಡೆದಾಗ ಬೀದಿ ವ್ಯಾಪಾರಿಗಳು ನಮ್ಮ ಹೊಟ್ಟೆಪಾಡೇನು ಅಂತ ಕೂಗಿದರು. ನಡೆಯೋರಿಗೂ ಮಾರೋರಿಗೂ ಜಗಳ ಹಚ್ಚೋದು ಸುಲಭ. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಅವರಿಗೂ ಜಾಗ ಗುರುತಿಸಬೇಕು ಅಂತ ಹೇಳುತ್ತೆ.

ಕಾಯಿದೆ ವಿಷಯ ಬಂತು, ಇನ್ನೆರಡು ತಿಳ್ಕೊಳ್ಳಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ನಡೆಯೋರಿಗೆ ಫುಟ್‌ಪಾತ್ ಇರೋದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಹೇಳಿತು. ದಯೆ ಅಲ್ಲ, ಹಕ್ಕು. ಎರಡನೇದು: ರಸ್ತೆಯಲ್ಲಿ ಬಿದ್ದವರನ್ನು ಎತ್ತಿ ಆಸ್ಪತ್ರೆಗೆ ಸೇರಿಸಿದವರನ್ನು ಪೊಲೀಸರು ಹೆಸರು ಹೇಳು ಅಂತ ಬಲವಂತ ಮಾಡೋ ಹಾಗಿಲ್ಲ. ಕರ್ನಾಟಕ ಇದಕ್ಕಾಗಿ 2016ರಲ್ಲೇ ಕಾನೂನು ಮಾಡಿತು, 2019ರಲ್ಲಿ ಮೋಟಾರು ವಾಹನ ಕಾಯಿದೆಗೂ 134ಎ ಸೇರಿತು. ನಮ್ಮ ಹುಡುಗರಿಗೆ ಸ್ಟೇಷನ್ ಅಂದರೆ ಭಯ, ಆ ಭಯಕ್ಕೆ ಕಾರಣಾನೂ ಇದೆ. ಆದರೂ ಬಿದ್ದವರನ್ನು ಬಿಟ್ಟು ಹೋಗಬೇಡಿ.

ಇನ್ನು ಕೆಲಸ. ಒಂದು ಟೇಪು, ಒಂದು ನೋಟ್‌ಬುಕ್ಕು, ಮೂರು ಜನ ಸಾಕು. ಹಾಸ್ಟೆಲ್ ಗೇಟಿನಿಂದ ಬಸ್ ಸ್ಟಾಪಿನವರೆಗೆ ಅಳೀರಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಂತೆ ಅಡ್ಡಿಯಿಲ್ಲದ ಫುಟ್‌ಪಾತ್ ಕಡೇಪಕ್ಷ 1.8 ಮೀಟರ್ ಇರಬೇಕು. ಎಲ್ಲಿ ಕೆಳಗೆ ಇಳೀಬೇಕಾಯ್ತು, ಯಾಕೆ, ಬರೀರಿ: ಟ್ರಾನ್ಸ್‌ಫಾರ್ಮರೋ, ಕಾರೋ, ಬಾಯಿ ತೆರೆದ ಚಪ್ಪಡಿಯೋ. ಬೆಳಗಿನ ಜಾವ ಪೌರಕಾರ್ಮಿಕರ ಜೊತೆ ಒಂದು ದಿನ ನಡೀರಿ. ಯಾವ ತಿರುವಿನಲ್ಲಿ ಗಾಡಿ ಮೈಮೇಲೆ ಬರುತ್ತೆ ಅನ್ನೋದು ಎಂಜಿನಿಯರಿಗಿಂತ ಅವರಿಗೆ ಚೆನ್ನಾಗಿ ಗೊತ್ತು, ಅವರನ್ನು ಯಾರೂ ಕೇಳಿಲ್ಲ ಅಷ್ಟೆ. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳಾಗಿವೆ. 'ಅದು ನಮ್ಮದಲ್ಲ' ಅಂತ ಒಬ್ಬರಿಂದ ಒಬ್ಬರಿಗೆ ಅಟ್ಟೋಕೆ ಈಗ ಇನ್ನೂ ಅನುಕೂಲ. ನಿಮ್ಮ ರಸ್ತೆ ಯಾವ ಪಾಲಿಕೆಯದು ಅಂತ ಮೊದಲು ವಿಚಾರಿಸಿಕೊಂಡು ಅರ್ಜಿ ಕೊಡಿ, ಸೀಲು ಹಾಕಿಸಿಕೊಂಡ ಪ್ರತಿ ಇಟ್ಕೊಳ್ಳಿ.

ಸದ್ಯಕ್ಕೆ ನಮ್ಮ ಹತ್ತಿರ ಇರೋದು ಒಂದೇ ಟೇಪು. ಈ ಭಾನುವಾರ ಚಾಮರಾಜಪೇಟೆಯವರು ತಗೊಂಡು ಹೋಗಿ, ಮುಗಿದ ಮೇಲೆ ಬಸವನಗುಡಿಯವರಿಗೆ ಕೊಡಿ.