ಬಿತ್ತನೆಯ ದಿನ ಬ್ಯಾಟರಿ ಕೈಕೊಡದಿರಲಿ



ರೋಹಿಣಿ ಮಳೆ ಬಂದು ಹೊಲ ಹದವಾಗಿದೆ ಎಂದಿಟ್ಟುಕೊಳ್ಳಿ. ಬೀಜ ಸಿದ್ಧವಾಗಿದೆ, ಆಳುಗಳು ಬಂದು ನಿಂತಿದ್ದಾರೆ. ಟ್ರ್ಯಾಕ್ಟರ್ ಏರಿ ಕೀಲಿ ತಿರುಗಿಸಿದರೆ 'ಟಕ್' ಎಂದು ಒಂದು ಸದ್ದು, ಅಷ್ಟೇ. ಎಂಜಿನ್ ಅಲುಗಲೊಲ್ಲದು. ಪಟ್ಟಣದಿಂದ ಮೆಕ್ಯಾನಿಕ್ ಬರುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಬಿಸಿಲು ಬಿದ್ದರೆ ಮೇಲಿನ ಹಸಿಯೂ ಆರುತ್ತದೆ. ಹದ ಯಾರಿಗೂ ಕಾಯುವುದಿಲ್ಲ. ಅದಕ್ಕೇ ಈ ಹೊತ್ತು ಟ್ರ್ಯಾಕ್ಟರಿನ ಬ್ಯಾಟರಿಯನ್ನೂ, ಅದಕ್ಕೆ ಕರೆಂಟು ತುಂಬುವ ಆಲ್ಟರ್ನೇಟರನ್ನೂ ಕುರಿತು ನಾಲ್ಕು ಮಾತು ಹೇಳುತ್ತೇನೆ.

ಬ್ಯಾಟರಿ ಎಂದರೆ ಕಣಜ. ಎಂಜಿನ್ ಚಾಲೂ ಮಾಡುವಾಗ ಸ್ಟಾರ್ಟರ್ ಆ ಕಣಜದಿಂದ ಒಮ್ಮೆಗೇ ಬಹಳಷ್ಟು ಕರೆಂಟು ಎಳೆಯುತ್ತದೆ. ಎಂಜಿನ್ ಓಡತೊಡಗಿದ ಮೇಲೆ ಬೆಲ್ಟಿನಿಂದ ತಿರುಗುವ ಆಲ್ಟರ್ನೇಟರ್, ತೆಗೆದದ್ದನ್ನು ಮತ್ತೆ ತುಂಬುತ್ತದೆ. ತುಂಬುವವನು ಕೆಲಸ ಬಿಟ್ಟರೆ ಕಣಜ ಬರಿದಾಗಲೇಬೇಕಲ್ಲ! ಆದರೆ ಅದು ಕೂಡಲೇ ತಿಳಿಯುವುದಿಲ್ಲ. ಸಾದಾ ಪಂಪಿನ ಡೀಸೆಲ್ ಎಂಜಿನ್ ಒಮ್ಮೆ ಶುರುವಾದರೆ ಬಹುಮಟ್ಟಿಗೆ ಬ್ಯಾಟರಿಯ ಹಂಗಿಲ್ಲದೆ ಓಡುತ್ತದೆ. ನೀವು ಸಂಜೆಯವರೆಗೂ ಉಳುತ್ತೀರಿ. ಮಾರನೆಯ ಬೆಳಿಗ್ಗೆ ಗುಟ್ಟು ರಟ್ಟಾಗುತ್ತದೆ.

ಹಾಗಾದಾಗ ಹೊಸ ಬ್ಯಾಟರಿಗೆ ದುಡ್ಡು ಹೊಂದಿಸುವ ಮೊದಲು ಕಣ್ಣು ಬಿಟ್ಟು ನೋಡಿ. ಬ್ಯಾಟರಿಯ ಎರಡು ತುದಿಗಳಲ್ಲಿ ಬಿಳಿ ಅಥವಾ ಹಸಿರು ಬೂಷ್ಟು ಕಟ್ಟಿದೆಯೇ? ಹಿಡಿಕೆ ಸಡಿಲವಾಗಿದೆಯೇ? ಎಷ್ಟೋ ತೊಂದರೆ ಇಷ್ಟಕ್ಕೇ ಮುಗಿಯುತ್ತದೆ. ಕೀಲಿ ಬಂದು ಮಾಡಿ, ಮೊದಲು ಋಣ ತುದಿಯ, ಅಂದರೆ ಮೈನಸ್ ತುದಿಯ ತಂತಿ ಬಿಚ್ಚಿ. ಆಮೇಲೆ ಪ್ಲಸ್ ಬಿಚ್ಚಿ. ಅಡಿಗೆ ಸೋಡಾ ಕಲಸಿದ ನೀರಿನಿಂದ ತಿಕ್ಕಿ ತೊಳೆದು ಒರೆಸಿ. ಸೋಡಾ ನೀರು ಬ್ಯಾಟರಿಯ ಒಳಗೆ ಮಾತ್ರ ಹೋಗಬಾರದು. ಜೋಡಿಸುವಾಗ ಪ್ಲಸ್ ಮೊದಲು, ಮೈನಸ್ ಕಡೆಗೆ. ಬಿಗಿಮಾಡಿ ಮೇಲೆ ವ್ಯಾಸಲೀನ್ ಹಚ್ಚಿ. ಮೈನಸ್ ತಂತಿ ಟ್ರ್ಯಾಕ್ಟರಿನ ಮೈಗೆ ಸೇರುವ ಜಾಗದಲ್ಲಿ ಕೆಸರು, ತುಕ್ಕು ಇದ್ದರೆ ಅದನ್ನೂ ಕೆರೆದು ತೆಗೆಯಿರಿ.

ಎರಡನೆಯದು ದೀಪದ ಪರೀಕ್ಷೆ. ಗೇರ್ ನ್ಯೂಟ್ರಲಿನಲ್ಲಿಟ್ಟು, ಕ್ಲಚ್ ಒತ್ತಿ, ಮುಂದಿನ ದೀಪ ಹಚ್ಚಿ ಕೀಲಿ ತಿರುಗಿಸಿ. ದೀಪ ಮಂಕಾಗಿ ಆರುವಂತಾದರೆ ಬ್ಯಾಟರಿ ಬರಿದಾಗಿದೆ, ಇಲ್ಲವೆ ತುದಿ ಸಡಿಲ. ದೀಪ ಚೆನ್ನಾಗಿ ಉರಿದು ಸದ್ದೇ ಬರದಿದ್ದರೆ ದೋಷ ಕೀಲಿ, ಸುರಕ್ಷೆಯ ಸ್ವಿಚ್ಚು, ಅಥವಾ ಸಾಲೆನಾಯ್ಡಿಗೆ ಹೋಗುವ ತಂತಿಯಲ್ಲಿರಬಹುದು. ದೀಪ ಉರಿಯುತ್ತ 'ಟಕ್' ಅಂದು ನಿಂತರೆ ಸ್ಟಾರ್ಟರ್ ಕಡೆಗೆ ನೋಡಬೇಕು. ಅದು ಮೆಕ್ಯಾನಿಕ್ಕನ ಕೆಲಸ.

ಮೂರನೆಯದು ಅಳತೆ. ಕೆಲವು ನೂರು ರೂಪಾಯಿಗೆ ಸಿಗುವ ಮೀಟರೊಂದು ಊರಿಗೊಂದಾದರೂ ಇರಲಿ. ರಾತ್ರಿಯೆಲ್ಲ ನಿಂತ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ತೋರಿಸಿದರೆ ತುಂಬಿದೆ. 12.2 ತೋರಿಸಿದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಬರಿದು ಎಂದೇ ತಿಳಿಯಿರಿ. ಈಗ ಎಂಜಿನ್ ಓಡಿಸಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ನೋಡಿ. ಸುಮಾರು 13.8ರಿಂದ 14.5ರೊಳಗೆ ಬಂದರೆ ಆಲ್ಟರ್ನೇಟರ್ ದುಡಿಯುತ್ತಿದೆ. ಮೊದಲಿದ್ದಷ್ಟೇ ಇದ್ದರೆ ತುಂಬುತ್ತಿಲ್ಲ. 15 ದಾಟಿದರೆ ಅತಿಯಾಗಿ ತುಂಬುತ್ತಿದೆ. ಬ್ಯಾಟರಿಯ ನೀರು ಪದೇ ಪದೇ ಇಂಗುವುದು ಹೆಚ್ಚಾಗಿ ಇದರಿಂದ.

ತುಂಬುತ್ತಿಲ್ಲವಾದರೆ ಮೊದಲು ಬೆಲ್ಟು ನೋಡಿ. ಎಂಜಿನ್ ನಿಲ್ಲಿಸಿ, ಹೆಬ್ಬೆರಳಿನಿಂದ ನಡುವೆ ಒತ್ತಿದರೆ ಸುಮಾರು ಅರ್ಧ ಅಂಗುಲ ತಗ್ಗಬೇಕು. ಹೆಚ್ಚು ತಗ್ಗಿದರೆ ಜಾರುತ್ತಿದೆ. ಅನಂತರ ಚಾರ್ಜಿನ ಕೆಂಪು ದೀಪ. ಕೀಲಿ ತಿರುಗಿಸಿದಾಗ ಅದು ಹೊತ್ತಬೇಕು, ಎಂಜಿನ್ ಓಡಿದಾಗ ಆರಬೇಕು. ಆರದಿದ್ದರೆ ತುಂಬುತ್ತಿಲ್ಲ. ಮೊದಲಿಗೆ ಹೊತ್ತಲೇ ಇಲ್ಲವೋ, ಬಲ್ಬು ಸುಟ್ಟಿರಬಹುದು, ತಂತಿ ಇಲಿ ಕಡಿದಿರಬಹುದು. ಕೆಲವು ಟ್ರ್ಯಾಕ್ಟರುಗಳಲ್ಲಿ ಆ ಚಿಕ್ಕ ಬಲ್ಬು ಹೋದರೆ ಆಲ್ಟರ್ನೇಟರ್ ತುಂಬಲು ಶುರುಮಾಡುವುದೇ ಇಲ್ಲ.

ಇನ್ನು ಮಾಡಬಾರದ್ದು. ಹಿಂದೆ ಡೈನಮೋ ಇದ್ದ ಕಾಲದಲ್ಲಿ ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ತಂತಿ ಕಿತ್ತು ಪರೀಕ್ಷೆ ಮಾಡುತ್ತಿದ್ದರು. ಆಲ್ಟರ್ನೇಟರ್ ಇದ್ದಲ್ಲಿ ಹಾಗೆ ಮಾಡಿದರೆ ಒಳಗಿನ ಡಯೋಡು ಸುಟ್ಟುಹೋಗಬಹುದು. ನೀರು ತಗ್ಗಿದ್ದರೆ ಬಟ್ಟಿ ಇಳಿಸಿದ ನೀರನ್ನೇ ಹಾಕಿ, ತಟ್ಟೆಗಳು ಮುಳುಗಿ ಮೇಲೆ ಒಂದು ಬೆರಳು ಅಗಲ ನಿಲ್ಲುವಷ್ಟು. ಬಾವಿ ನೀರು ಬೇಡ, ಆಸಿಡ್ಡೂ ಬೇಡ. ಚಾರ್ಜಾಗುವ ಬ್ಯಾಟರಿಯಿಂದ ಹೊರಡುವ ಜಲಜನಕ ಅನಿಲ ಒಂದು ಬೀಡಿಯ ಕಿಡಿಗೆ ಸಿಡಿದೀತು. ತಾಯಂದಿರೇ, ಬ್ಯಾಟರಿಯನ್ನು ಒಲೆಯ ಬಳಿ ಇಡಗೊಡಬೇಡಿ, ಮಕ್ಕಳನ್ನು ದೂರವಿಡಿ. ಆಸಿಡ್ ಕಣ್ಣಿಗೆ ಸಿಡಿದರೆ ಕೂಡಲೇ ಧಾರಾಳ ನೀರಿನಿಂದ ಬಹಳ ಹೊತ್ತು ತೊಳೆದು ಡಾಕ್ಟರ ಬಳಿಗೆ ಕರೆದೊಯ್ಯಿರಿ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದು. ಕೀಲಿಯಿಂದ ಎಂಜಿನ್ ಏಳದಿದ್ದಾಗ, ನೆಲದ ಮೇಲೆ ನಿಂತು ಸ್ಟಾರ್ಟರಿನ ಎರಡು ಬೋಲ್ಟುಗಳಿಗೆ ಸ್ಕ್ರೂಡ್ರೈವರ್ ತಾಗಿಸಿ ಎಬ್ಬಿಸುವವರುಂಟು. ಟ್ರ್ಯಾಕ್ಟರ್ ಗೇರಿನಲ್ಲಿದ್ದರೆ ಅದು ಎದ್ದ ಕ್ಷಣವೇ ಮುಂದಕ್ಕೆ ನುಗ್ಗುತ್ತದೆ. ನಿಂತವರು ದೊಡ್ಡ ಗಾಲಿಯ ಎದುರಿಗಿರುತ್ತಾರೆ. ಹೀಗೆ ಪ್ರಾಣ ಹೋದದ್ದುಂಟು. ಒಂದು ದಿನದ ಬಿತ್ತನೆ ತಪ್ಪಿದರೆ ಇನ್ನೊಂದು ಮಳೆ ಬಂದೀತು. ಮನೆಯ ಯಜಮಾನ ಹೋದರೆ ತಿರುಗಿ ಬಾರ. ಎಂಜಿನ್ನನ್ನು ಸೀಟಿನ ಮೇಲೆ ಕೂತೇ ಎಬ್ಬಿಸಿ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ ಆಗಬಾರದು. ಮುಂಗಾರಿಗೆ ಹದಿನೈದು ದಿನ ಮೊದಲೇ ತುದಿ, ನೀರು, ಬೆಲ್ಟು, ದೀಪ, ಈ ನಾಲ್ಕನ್ನು ನೋಡಿಟ್ಟುಕೊಳ್ಳಿ. ಅರ್ಧ ಗಂಟೆಯ ಕೆಲಸ, ಹದ ನಿಮ್ಮ ಕೈಯಲ್ಲಿ ಉಳಿಯುತ್ತದೆ.