ಯಾವ ಅಧಿಕಾರದಿಂದ?
(ಶತಮಾನೋತ್ಸವದ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಉಪನ್ಯಾಸ)



ಈ ಶುಭಸಂದರ್ಭದಲ್ಲಿ ನಮ್ಮನ್ನು ಅಗಲಿದ ಗುರುಗಳನ್ನೂ ಉಪದೇಶಿಗಳನ್ನೂ ಹಿರಿಯರನ್ನೂ ಕೃತಜ್ಞತೆಯಿಂದ ಸ್ಮರಿಸುತ್ತಿದ್ದೇವೆ. ಸ್ಮರಣೆಯ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿಕೊಳ್ಳುವುದು ಉಚಿತವೆಂದು ನಮಗೆ ತೋರುತ್ತದೆ. ದೇವರ ಹೆಸರಿನಲ್ಲಿ ಮಾತನಾಡಲು ಒಬ್ಬನು ಎದ್ದು ನಿಂತಾಗ, ಅವನಿಗೆ ಆ ಅಧಿಕಾರವುಂಟೆಂದು ನಾವು ತಿಳಿಯುವುದು ಹೇಗೆ?

ಈ ಪ್ರಶ್ನೆ ಹೊಸದಲ್ಲ. ದೇವಾಲಯದಲ್ಲಿ ಬೋಧಿಸುತ್ತಿದ್ದ ಪ್ರಭು ಯೇಸುವನ್ನೇ ಮುಖ್ಯಯಾಜಕರು ಹೀಗೆ ಕೇಳಿದರು. ಪ್ರಭುವು ತಮ್ಮ ಅರ್ಹತೆಗಳನ್ನು ಪಟ್ಟಿ ಮಾಡಲಿಲ್ಲ. ಯೊವಾನ್ನನ ಸ್ನಾನದೀಕ್ಷೆ ಎಲ್ಲಿಂದ ಬಂತೆಂದು ಮರುಪ್ರಶ್ನೆ ಹಾಕಿದರು. ದೇವರಿಂದಲೆಂದರೂ ತೊಂದರೆ, ಮನುಷ್ಯರಿಂದಲೆಂದರೂ ತೊಂದರೆ ಎಂದು ಕಂಡು ಅವರು ಉತ್ತರಿಸದೆ ಹೋದರು. ಸತ್ಯವನ್ನು ಒಪ್ಪಿಕೊಳ್ಳಲು ಸಿದ್ಧನಿಲ್ಲದವನಿಗೆ ಯಾವ ಪ್ರಮಾಣಪತ್ರ ತೋರಿಸಿದರೂ ಸಾಲದು ಎಂಬುದು ಇದರಿಂದ ದೊರೆಯುವ ಮೊದಲ ಪಾಠ.

ಹಾಗೆಂದು ಯಾರು ಬೇಕಾದರೂ ಅಧಿಕಾರ ವಹಿಸಿಕೊಳ್ಳಬಹುದೆಂದು ಪವಿತ್ರ ಗ್ರಂಥ ಹೇಳುವುದಿಲ್ಲ. ಯೂದನಿಂದ ತೆರವಾದ ಸ್ಥಾನಕ್ಕೆ ಇನ್ನೊಬ್ಬರನ್ನು ಆರಿಸುವಾಗ ಸುಮಾರು ೧೨೦ ಮಂದಿ ಸೇರಿದ್ದರು. ಪೇತ್ರನು ಸ್ಪಷ್ಟವಾದ ಅರ್ಹತೆಯನ್ನು ಮುಂದಿಟ್ಟನು: ಯೊವಾನ್ನನ ಸ್ನಾನದೀಕ್ಷೆಯ ಕಾಲದಿಂದ ಪ್ರಭುವಿನ ಸ್ವರ್ಗಾರೋಹಣದವರೆಗೆ ಜೊತೆಗಿದ್ದವನೇ ಆಗಬೇಕು. ಇಬ್ಬರ ಹೆಸರು ಬಂತು, ಸಭೆ ಪ್ರಾರ್ಥಿಸಿತು, ಚೀಟಿ ಮತ್ತೀಯನಿಗೆ ಬಿತ್ತು. ವಿಧವೆಯರ ಊಟದ ಹಂಚಿಕೆಯಲ್ಲಿ ಗೊಣಗಾಟ ಹುಟ್ಟಿದಾಗ ಏಳು ಜನರನ್ನು ಆರಿಸಿಕೊಳ್ಳಿರೆಂದು ಪ್ರೇಷಿತರು ಭಕ್ತರಿಗೇ ಹೇಳಿದರು. ಒಳ್ಳೆಯ ಹೆಸರು, ಪವಿತ್ರಾತ್ಮ, ಜ್ಞಾನ, ಈ ಮೂರನ್ನೇ ಕೇಳಿದರು. ಜನ ಆರಿಸಿದರು, ಪ್ರೇಷಿತರು ಹಸ್ತನಿಕ್ಷೇಪ ಮಾಡಿದರು. ದೇವರ ಕರೆ, ಜನರ ಸಾಕ್ಷ್ಯ, ಪ್ರೇಷಿತರ ಹಸ್ತ, ಈ ಮೂರೂ ಅಲ್ಲಿ ಕೂಡಿವೆ. ಹಣ ಕೊಟ್ಟು ಅದೇ ಅಧಿಕಾರವನ್ನು ಕೊಳ್ಳಬಯಸಿದ ಮಂತ್ರವಾದಿ ಸಿಮೋನನನ್ನು ಪೇತ್ರನು ಕಟುವಾಗಿ ಗದರಿಸಿದನು.

ಸಂತ ಪೌಲರ ವಿಷಯ ಇನ್ನೂ ಬೋಧಪ್ರದ. ಅವರು ಪ್ರಭುವಿನ ಜೊತೆ ನಡೆದಾಡಿದವರಲ್ಲ. ಒಂದು ಕಾಲಕ್ಕೆ ಹಿಂಸಕರಾಗಿದ್ದವರು. ಕೊರಿಂಥದಲ್ಲಿ ಅವರ ಅಧಿಕಾರವನ್ನು ಶಂಕಿಸಿದವರಿದ್ದರು. ಶಿಫಾರಸು ಪತ್ರ ಬೇಕೆಂಬ ಮಾತಿಗೆ ಅವರು, ನಮ್ಮ ಪತ್ರ ನೀವೇ, ನಿಮ್ಮ ಬದುಕೇ ಎಂಬ ಅರ್ಥದಲ್ಲಿ ಉತ್ತರಿಸಿದರು. ಆದರೆ ಅದೇ ಪೌಲರು ಜೆರುಸಲೇಮಿಗೆ ಹೋಗಿ, ತಾವು ಸಾರುವ ಶುಭಸಂದೇಶವನ್ನು ಹಿರಿಯರ ಮುಂದಿಟ್ಟರು. ಯಕೋಬ, ಪೇತ್ರ, ಯೊವಾನ್ನರು ಅವರಿಗೆ ಬಲಗೈ ನೀಡಿ ಅನ್ಯೋನ್ಯತೆಯನ್ನು ತೋರಿದರು. ತಿಮೊಥೇಯನಿಗೆ ಬರೆದ ಪತ್ರದಲ್ಲಿ ಸಭಾಧ್ಯಕ್ಷನಾಗುವವನು ಹಣದಾಸೆಯಿಲ್ಲದವನೂ ಅತಿಥಿಸತ್ಕಾರ ಬಲ್ಲವನೂ ಆಗಿರಬೇಕೆಂದಿದೆ. ಸಭೆಯ ಹೊರಗಿನವರಿಂದಲೂ ಅವನಿಗೆ ಒಳ್ಳೆಯ ಹೆಸರು ಇರಬೇಕೆಂಬುದನ್ನು ವಿಶೇಷವಾಗಿ ಗಮನಿಸಿರಿ. ತೋಟದ ಬದುವಿನ ಆಚೆಗಿರುವ ಹಿಂದೂ ಮುಸಲ್ಮಾನ ನೆರೆಯವರ ಮಾತಿಗೂ ಇಲ್ಲಿ ಬೆಲೆಯುಂಟು.

ನಮ್ಮ ಕನ್ನಡ ನಾಡಿನಲ್ಲಿಯೇ ಇದಕ್ಕೊಂದು ನಿದರ್ಶನವಿದೆ. ಗೋವೆಯ ಬೆನಾವ್ಲಿಯಲ್ಲಿ ೧೬೫೧ರಲ್ಲಿ ಜನಿಸಿದ ಜೋಸೆಫ್ ವಾಜ್ ಗುರುಗಳು ೧೬೮೧ರಲ್ಲಿ ಕೆನರಾ ಪ್ರಾಂತ್ಯಕ್ಕೆ ಬಂದರು. ಆಗ ಅಲ್ಲಿ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆ. ಕ್ರೈಸ್ತರು ಎರಡು ಪಕ್ಷವಾಗಿದ್ದರು. ಪೋರ್ತುಗೀಸ್ ರಾಜನ ಪೋಷಣೆಯ ಹಕ್ಕನ್ನು ಹಿಡಿದಿದ್ದ ಗೋವೆಯ ಅಧಿಕಾರಿಗಳು ಒಂದು ಕಡೆ. ರೋಮಿನಿಂದ ನೇಮಕಗೊಂಡ ಬಿಷಪ್ ತೋಮಾಸ್ ದೆ ಕಾಸ್ತ್ರೋ ಇನ್ನೊಂದು ಕಡೆ. ಬಿಷಪರು ತಮ್ಮ ಪತ್ರಗಳನ್ನು ಗೋವೆಗಾಗಲಿ ಲಿಸ್ಬನ್ನಿಗಾಗಲಿ ಒಪ್ಪಿಸಿಲ್ಲವೆಂಬುದು ಗೋವೆಯವರ ಆಕ್ಷೇಪ. ನಡುವೆ ಸಿಕ್ಕಿದ ಭಕ್ತರಿಗೆ ಯಾರ ಮಾತನ್ನು ಕೇಳಬೇಕೆಂಬ ತಳಮಳ.

ವಾಜ್ ಗುರುಗಳು ಗೋವೆಯಿಂದಲೇ ಕಳುಹಿಸಲ್ಪಟ್ಟವರು. ಆದರೂ ಅವರು ಜನರನ್ನು ಎತ್ತಿಕಟ್ಟಲಿಲ್ಲ. ಬಿಷಪರನ್ನು ಕಂಡು, ಜಗದ್ಗುರುಗಳ ನೇಮಕಪತ್ರವನ್ನು ತೋರಿಸಬೇಕೆಂದು ವಿನಯದಿಂದ ಕೇಳಿದರು. ಅದನ್ನು ನೋಡಿದ ಮೇಲೆ, ಗೋವೆಯಿಂದ ಮುಂದಿನ ಆದೇಶ ಬರುವವರೆಗೆ ಅವರ ಅಧಿಕಾರಕ್ಕೆ ವಿಧೇಯರಾದರು. ಪತ್ರ ಕೇಳುವುದು ಅವಿಶ್ವಾಸವಲ್ಲ; ಪತ್ರ ಕಂಡ ಮೇಲೆ ತಲೆಬಾಗುವುದು ದೌರ್ಬಲ್ಯವೂ ಅಲ್ಲ. ಮುಂದೆ ೧೬೮೭ರಲ್ಲಿ ಅವರು ಸಿಂಹಳಕ್ಕೆ ಹೋದಾಗ ಅಲ್ಲಿ ಡಚ್ಚರ ದಬ್ಬಾಳಿಕೆಯಿದ್ದುದರಿಂದ ಯಾವ ಪತ್ರವನ್ನೂ ತೋರಿಸುವಂತಿರಲಿಲ್ಲ. ಭಿಕ್ಷುಕನ ವೇಷದಲ್ಲಿ, ಕೊರಳಲ್ಲಿ ಜಪಸರ ಧರಿಸಿ ಮನೆಮನೆಗೆ ಹೋದರು. ವರ್ಷಗಟ್ಟಲೆ ಗುರುಗಳನ್ನೇ ಕಾಣದಿದ್ದ ಭಕ್ತರು ಅವರನ್ನು ಗುರುತಿಸಿದರು. ಕ್ಯಾಂಡಿಯಲ್ಲಿ ೧೭೧೧ರಲ್ಲಿ ತೀರಿಕೊಂಡ ಅವರನ್ನು ೨೦೧೫ರಲ್ಲಿ ಜಗದ್ಗುರು ಫ್ರಾನ್ಸಿಸರು ಕೊಲಂಬೋದಲ್ಲಿ ಸಂತರೆಂದು ಸಾರಿದರು.

ಈಗ ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಗುರುದೀಕ್ಷೆ ಪಡೆದ ಹೊಸತರಲ್ಲಿ ನಾವು ಒಂದು ಹಳ್ಳಿಗೆ ಹೋಗಿದ್ದೆವು. ಅಲ್ಲಿ ಓದುಬರಹ ಅಷ್ಟಾಗಿ ಬಾರದ ಒಬ್ಬ ವೃದ್ಧ ಉಪದೇಶಿಯಿದ್ದರು. ಹಿಂದಿನ ವಾರ ಪ್ರಾಣ ಹೋಗುತ್ತಿದ್ದ ಒಂದು ಹಸುಳೆಗೆ ಅವರೇ ಸ್ನಾನದೀಕ್ಷೆ ಕೊಟ್ಟಿದ್ದರು. ಸೆಮಿನರಿಯಲ್ಲಿ ಕಲಿತ ಬಿಸಿಯಲ್ಲಿ ನಾವು ತಾಯಿಯ ಎದುರಿಗೇ ಅವರನ್ನು ಪರೀಕ್ಷೆಗೆ ಹಚ್ಚಿದೆವು. ಯಾವ ನೀರು? ಯಾವ ಮಾತು? ಯಾರು ಹೇಳಿದ್ದು? ಮುದುಕರು ನಡುಗುವ ದನಿಯಲ್ಲಿ ಪಿತನ, ಸುತನ, ಪವಿತ್ರಾತ್ಮನ ನಾಮವನ್ನು ತಪ್ಪಿಲ್ಲದೆ ಹೇಳಿದರು. ಅಂಥ ತುರ್ತಿನಲ್ಲಿ ಸದುದ್ದೇಶವುಳ್ಳ ಯಾರೇ ಆದರೂ ಸ್ನಾನದೀಕ್ಷೆ ಕೊಡಬಹುದೆಂದು ಧರ್ಮಸಭೆಯ ಕಾನೂನೇ ಹೇಳುತ್ತದೆ. ಅದು ನಮಗೆ ತಿಳಿಯದ ವಿಷಯವೇನೂ ಆಗಿರಲಿಲ್ಲ. ಆ ತಾಯಿ ಮಾತ್ರ ನಮ್ಮನ್ನು ಕೇಳಿದರು: “ಸ್ವಾಮಿ, ಹಂಗಾದ್ರೆ ನನ್ ಮಗು ದೇವರತ್ರ ಹೋಗಲಿಲ್ವಾ?”

ಹೋಗಿದೆಯಮ್ಮಾ ಎಂದೆವು. ಆದರೆ ನಮ್ಮ ಪ್ರಶ್ನೆಗಳು ಆಕೆಯ ಎದೆಯಲ್ಲಿ ಎಬ್ಬಿಸಿದ ಸಂಶಯವನ್ನು ಒಂದು ಮಾತಿನಿಂದ ಅಳಿಸಲು ಸಾಧ್ಯವಾಗಲಿಲ್ಲ. ಸಂಜೆ ಉಪದೇಶಿಯ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಮರುದಿನ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ, ನಾವಾಗಿದ್ದರೂ ಇದನ್ನೇ ಮಾಡುತ್ತಿದ್ದೆವೆಂದು ಆ ತಾಯಿಗೆ ಹೇಳಿದೆವು. ಆಗ ಆಕೆ ಅತ್ತರು. ನಮ್ಮಲ್ಲಿ ಗುರುದೀಕ್ಷೆಯ ಅಧಿಕಾರವಿತ್ತು. ಆ ದಿನ ಅದರ ಫಲ ಮಾತ್ರ ಕಾಣಲಿಲ್ಲ.

ಶೆಟ್ಟಿಕೆರೆ, ತಿಪಟೂರು, ತುರುವೇಕೆರೆಯ ಸೀಮೆಯವರಾದ ನಿಮಗೆ ಪರೀಕ್ಷೆಯ ಕ್ರಮವನ್ನು ನಾವು ಕಲಿಸಬೇಕಾಗಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಉಂಡೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟಿದೆಯೇ ಎಂದು ಸದ್ದಿನಿಂದ ತಿಳಿಯುತ್ತೀರಿ. ಅವಸರಪಟ್ಟು ಒಡೆದರೆ ನಷ್ಟ. ದೇವರ ಹೆಸರಿನಲ್ಲಿ ಬರುವವರನ್ನೂ ಅದೇ ತಾಳ್ಮೆಯಿಂದ ಪರೀಕ್ಷಿಸಿರಿ. ರೋಗ ವಾಸಿ ಮಾಡುತ್ತೇವೆ, ಸಾಲ ತೀರಿಸುತ್ತೇವೆ ಎಂದು ಮನೆಬಾಗಿಲಿಗೆ ಬರುವವರನ್ನು ಕೇಳಿರಿ: ನಿಮ್ಮನ್ನು ಕಳುಹಿಸಿದವರು ಯಾರು? ನೀವು ಯಾರಿಗೆ ವಿಧೇಯರು? ಹಣದ ಲೆಕ್ಕವನ್ನು ಯಾರಿಗೆ ಒಪ್ಪಿಸುತ್ತೀರಿ? ಗುರುಗಳಾದ ನಮ್ಮನ್ನೂ ಕೇಳಿರಿ, ನಾವು ಮುನಿಯಬಾರದು. ಅಂತೆಯೇ, ಪದವಿಯಿಲ್ಲದೆ ಸದ್ದಿಲ್ಲದೆ ಸೇವೆ ಮಾಡುವವರನ್ನು ಕಡೆಗಣಿಸಬೇಡಿರಿ. ಪಾಂಡಿತ್ಯವಿದ್ದ ಅಪೊಲ್ಲೋಸನಿಗೆ ದೇವರ ಮಾರ್ಗವನ್ನು ಇನ್ನಷ್ಟು ಸರಿಯಾಗಿ ತಿಳಿಸಿದವರು ಡೇರೆಯ ಕಸುಬಿನ ದಂಪತಿಗಳಾದ ಅಕ್ವಿಲ ಮತ್ತು ಪ್ರಿಸ್ಕಿಲ್ಲ.

ಈ ನೂರು ವರ್ಷಗಳಲ್ಲಿ ನಮಗೆ ವಿಶ್ವಾಸವನ್ನು ತಂದುಕೊಟ್ಟ ಅನೇಕರ ಹೆಸರು ಯಾವ ದಾಖಲೆ ಪುಸ್ತಕದಲ್ಲಿಯೂ ಇಲ್ಲ. ಅವರ ಪತ್ರ ನೀವೇ. ಅದನ್ನು ಓದುವ ಊರಿನವರು ಅದರಲ್ಲಿ ಕ್ರಿಸ್ತರನ್ನು ಕಾಣುವಂತಾಗಲಿ ಎಂದು ಪ್ರಾರ್ಥಿಸುತ್ತಾ ನಮ್ಮ ಮಾತನ್ನು ಮುಗಿಸುತ್ತೇವೆ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.